ಅತ್ತೆಯ ಗಂಟಲಿನ ಕರ್ನೆಲ್

ಅತ್ತೆಯ ಬಾಯಿ ಮುಚ್ಚಿಸುವ ಉಪಾಯ ಹುಡುಕುವ ಸೊಸೆಯರು ನಮ್ಮ ಗದಗಿನಲ್ಲಿ ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಅತ್ತೆಗೆ ಬಾಯಿ ಬರಿಸಬೇಕೆಂದು ಹಗಲೆಲ್ಲ ಕಂಪ್ಯೂಟರ್ ಮುಂದೆ ತಲೆ ಚಚ್ಚಿಕೊಂಡ ಹುಚ್ಚಿ ಮಾತ್ರ ನಾನೊಬ್ಬಳೇ ಇರಬೇಕು. ಬಾಯಿ ಬಂತು. ಬಂದ ಕೂಡಲೇ ಮೊದಲು ಬೈಸಿಕೊಂಡವಳೂ ನಾನೇ.

ನನ್ನ ಹೆಸರು ದಾಕ್ಷಾಯಣಿ. ಬೆಟಗೇರಿಯ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅತ್ತೆಯ ಹೆಸರು ನೀಲಗಂಗವ್ವ. ಕಂಪನಿ ನಾಟಕ ನೋಡುವವರಿಗೆ ಇಷ್ಟು ಹೇಳಿದರೆ ಸಾಕು. ನೋಡದವರಿಗಾಗಿ ಹೇಳುತ್ತೇನೆ: ಬಸವಭೂಷಣ ನಾಟ್ಯ ಸಂಘದಲ್ಲಿ ವಯಸ್ಸಿಗೆ ಬಂದಾಗಿನಿಂದ ಹಾಸ್ಯದ ಪಾತ್ರ ಮಾಡಿದವರು. ಅವರು ಪರದೆಯ ಹಿಂದೆ ಕೆಮ್ಮಿದರೂ ಮುಂದೆ ಕೂತ ಜನ ನಗುತ್ತಿದ್ದರಂತೆ. ಆ ಕೆಮ್ಮೇ ಮುಂದೆ ಕ್ಯಾನ್ಸರ್ ಎಂದಾಯಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕತ್ತಿನ ಬುಡದಲ್ಲಿ ಉಸಿರಾಟಕ್ಕೆ ಒಂದು ಸಣ್ಣ ತೂತು, ಅದಕ್ಕೆ ತುಸು ಮೇಲೆ ಕೊರಳಪಟ್ಟಿ.

ಕೊರಳಪಟ್ಟಿ ಈ ಕಾಲದಲ್ಲಿ ದೊಡ್ಡ ಪವಾಡವೇನಲ್ಲ. ಮಾತಾಡಬೇಕೆಂದು ಮನಸ್ಸು ಮಾಡಿದಾಗ ಗಂಟಲು ಮತ್ತು ನಾಲಿಗೆಯ ಸ್ನಾಯುಗಳಿಗೆ ನರಗಳು ಸಣ್ಣ ವಿದ್ಯುತ್ ಸಂಕೇತ ಕಳಿಸುತ್ತವೆ. ಧ್ವನಿಪೆಟ್ಟಿಗೆ ಹೋಗಿದ್ದರೂ ಆ ಸಂಕೇತಗಳು ಬರುವುದು ನಿಲ್ಲುವುದಿಲ್ಲ. ಪಟ್ಟಿ ಅವನ್ನು ಹಿಡಿದು ಸೊಂಟದಲ್ಲಿ ಸಿಕ್ಕಿಸಿದ ಫೋನಿಗೆ ಕಳಿಸುತ್ತದೆ. ಫೋನು ಅವನ್ನು ಮಾತು ಮಾಡಿ, ಆಪರೇಷನ್ನಿಗೆ ಮೊದಲೇ ದಾಖಲಿಸಿಟ್ಟ ಅವರದೇ ದನಿಯಲ್ಲಿ, ಪಟ್ಟಿಯ ಸ್ಪೀಕರಿನಿಂದ ಆಡುತ್ತದೆ. ತುಟಿ ಅತ್ತೆಯದು, ದನಿಯೂ ಅತ್ತೆಯದು. ನಡುವೆ ಕೂತ ಫೋನು ಮಾತ್ರ ಧ್ವನ್ಯ ಎಂಬ ಕಂಪನಿಯದು.

ಆ ಧ್ವನ್ಯದವರ ಮನೆ ಹಾಳಾಗ! ಪಟ್ಟಿ ಮಾರಿದರು, ಜಾಹೀರಾತಿನಲ್ಲಿ ಅಜ್ಜಿಯರನ್ನು ನಗಿಸಿದರು, ಆಮೇಲೆ ಒಂದು ದಿನ ಹಳೆಯ ಮಾದರಿಗೆ ಇನ್ನು ಅಪ್‌ಡೇಟ್ ಇಲ್ಲವೆಂದು ಕೈ ತೊಳೆದುಕೊಂಡರು. ಹೋಗುವಾಗ ಕೊಟ್ಟ ಕೊನೆಯ ಅಪ್‌ಡೇಟ್ ಎಂಥದೆಂದರೆ, ತುಟಿ ಆಡಿ ಮುಗಿದ ಮೇಲೆ ದನಿ ಹೊರಡುತ್ತಿತ್ತು. ಕೇಳಿದರೆ ಹೊಸ ಮಾದರಿ ತೆಗೆದುಕೊಳ್ಳಿ ಎಂದರು. ಹೊಸದರಲ್ಲಿ ತಡವೇ ಇಲ್ಲ, ಯಾಕೆಂದರೆ ನೀವು ಮಾತು ಮುಗಿಸುವ ಮೊದಲೇ ಅದು ಊಹಿಸಿ ಆಡಿ ಮುಗಿಸುತ್ತದೆ. ನಮ್ಮ ಓಣಿಯ ಕುಲಕರ್ಣಿ ಮಾಸ್ತರು ಅದನ್ನು ಹಾಕಿಸಿಕೊಂಡಿದ್ದಾರೆ. ಸಂತೆಯಲ್ಲಿ ಬದನೆಕಾಯಿ ಹಿಡಿದು "ಇದು ಭಾಳ" ಎನ್ನುವಷ್ಟರಲ್ಲಿ ಅವರ ಪಟ್ಟಿ "ಚಲೋ ಅದ, ಕೊಡ್ರಿ" ಎಂದು ಮುಗಿಸಿಬಿಡುತ್ತದೆ. ಅವರು ಅನ್ನಲು ಹೊರಟದ್ದು ಭಾಳ ತುಟ್ಟಿ ಆತು ಅಂತ. ಪಾಪ, ಈಗ ಮಾಸ್ತರು ಸಂತೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.

"ನನ್ನ ಬಾಯಾಗ ಇನ್ನೊಬ್ಬರು ಮಾತಾಡೂದಾದ್ರ ನಾ ಯಾಕ ಬಾಯಿ ತೆರೀಲಿ?" ಎಂದು ಅತ್ತೆ ಹೊಸ ಮಾದರಿಯನ್ನು ಮುಟ್ಟಲೂ ಇಲ್ಲ.

ಹಾಗಾಗಿ ಹಳೆಯ ಫೋನನ್ನು ನಾನು ರೂಟ್ ಮಾಡಿದೆ. ರೂಟ್ ಮಾಡುವುದೆಂದರೆ ಕಂಪನಿ ತನ್ನ ಉಡಿಯಲ್ಲಿ ಕಟ್ಟಿಕೊಂಡ ಬೀಗದ ಕೈಯನ್ನು ಕಿತ್ತು ನಮ್ಮ ಕೈಗೆ ತೆಗೆದುಕೊಳ್ಳುವುದು. ಆಮೇಲೆ ಅದರ ಕರ್ನೆಲ್ ಬದಲಿಸಬಹುದು. ಕರ್ನೆಲ್ ಎಂದರೆ ಕೂಡು ಕುಟುಂಬದ ಹಿರಿಸೊಸೆ ಎಂದುಕೊಳ್ಳಿ. ಹೊರಗಿನವರಿಗೆ ಅವಳ ಮುಖ ಕಾಣುವುದಿಲ್ಲ. ಆದರೆ ಯಾರಿಗೆ ಎಷ್ಟು ಬಡಿಸಬೇಕು, ಫೋನಿನ ಮಿದುಳಾದ ಪ್ರೊಸೆಸರಿನ ಯಾವ ಕೋರ್, ಅಂದರೆ ಯಾವ ಆಳು, ದುಡಿಯಬೇಕು, ಯಾವುದು ಮಲಗಬೇಕು, ಪಟ್ಟಿಯಿಂದ ಬಂದ ಸಂಕೇತವನ್ನು ಯಾರು ಮೊದಲು ಕೈ ಹಾಕಿ ಎತ್ತಿಕೊಳ್ಳಬೇಕು, ಎಲ್ಲವನ್ನೂ ಅವಳೇ ನಿರ್ಧರಿಸುತ್ತಾಳೆ. ನಾನು ಬರೆದ ಕರ್ನೆಲ್ಲಿಗೆ ಹಾಲಕ್ಕಿ ಎಂದು ಹೆಸರಿಟ್ಟೆ. ಅದನ್ನು ಹಾಕಿದ ಮೇಲೆ ತುಟಿಯ ಜೊತೆಗೇ ದನಿ ಹೊರಟಿತು. ಅತ್ತೆಗಾಗಿ ಮಾಡಿದ್ದನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದೇ ತಪ್ಪಾಯಿತು. ನಾಡಿನಲ್ಲಿ ಹಳೆಯ ಪಟ್ಟಿ ಕಟ್ಟಿಕೊಂಡವರೆಲ್ಲ ನನ್ನ ಗುಂಪಿಗೆ ಬಂದು ಸೇರಿದರು.

ಅವರ ಕಾಟ ವೈರಿಗೂ ಬೇಡ. ಒಬ್ಬ "ಅಕ್ಕಾ, ನಡೀವಲ್ದು" ಎಂದು ಬರೆಯುತ್ತಾನೆ. ಏನು ನಡೀವಲ್ದು, ಯಾವಾಗಿಂದ ನಡೀವಲ್ದು, ಫೋನು ಚಾಲೂ ಆಗುತ್ತೋ ಇಲ್ಲವೋ, ಊಹೂಂ, ಒಂದಕ್ಷರವಿಲ್ಲ. ಲಾಗ್ ಕಳಿಸು ಮಾರಾಯಾ, ಫೋನು ಒಳಗೊಳಗೇ ಬರೆದಿಟ್ಟ ದಾಖಲೆ ಅದು, ಅದಿಲ್ಲದೆ ನಾನು ಕಣಿ ಹೇಳಲೇ ಎಂದರೆ ಕೈಮುಗಿಯುವ ಚಿತ್ರ ಕಳಿಸುತ್ತಾನೆ. ಇನ್ನೊಬ್ಬರು ನಾನು ಕೊಟ್ಟ ಸೂಚನೆಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಮಾಡಿ ನಡುವಿನದನ್ನು ಬಿಟ್ಟು ಫೋನನ್ನು ಚಾಲೂ ಆಗದ ಕಲ್ಲು ಮಾಡಿಕೊಂಡು ಬರುತ್ತಾರೆ. ಮತ್ತೆ ಎಲ್ಲರೂ ಸೇರಿ ಒಂದೇ ರಾಗ: ಬ್ಯಾಟರಿ ಬೇಗ ಇಳಿಯುತ್ತದೆ, ಮಧ್ಯಾಹ್ನಕ್ಕೇ ಮೂಕರಾಗುತ್ತೇವೆ. ಆ ಗೋಳು ತಡೆಯಲಾಗದೆ ನಾನೊಂದು ಬದಲಾವಣೆ ಮಾಡಿದೆ. ಪಟ್ಟಿಯಿಂದ ಮಾತು ಬರದಿದ್ದರೆ ಫೋನಿನ ದೊಡ್ಡ ಕೋರ್‌ಗಳು ತಕ್ಷಣ ಮಲಗುವಂತೆ ಮಾಡಿದೆ. ಬ್ಯಾಟರಿ ಸಂಜೆಯವರೆಗೆ ಬಂತು. ಗುಂಪಿನಲ್ಲಿ ಜೈಕಾರ ಹಾಕಿದರು. ಜಂಬ ನನ್ನ ನೆತ್ತಿಗೂ ಸ್ವಲ್ಪ ಏರಿತ್ತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ನಾಟ್ಯ ಸಂಘ ಗದಗಿಗೆ ಕ್ಯಾಂಪ್ ಬಂತು. ಮಾಲೀಕರಾದ ಪತ್ತಾರ ಮಾಸ್ತರು ಮನೆಗೇ ಬಂದರು. ಅತ್ತೆ ಮಾತಾಡುವುದನ್ನು ಕೇಳಿ ಅವರ ಕಣ್ಣಲ್ಲಿ ನೀರು ಬಂತು. ಆದರೆ ಅವರು ನಾಟಕದವರು. ಕಣ್ಣೀರೂ ವ್ಯವಹಾರವೂ ಒಟ್ಟೊಟ್ಟಿಗೇ ಬರುತ್ತವೆ.

"ನೀಲಕ್ಕಾ, ನಿನ್ನ ಸಂಗವ್ವನ ಪಾತ್ರಕ್ಕ ಯಾರನ್ನ ಹಾಕಿದ್ರೂ ಜನ ಕೂಡವಲ್ರು. ನೀ ಬರೂದಾದ್ರ ಬಾ. ಆದ್ರ ಮಂದಿ ನಗಬೇಕು. ನಗಲಿಲ್ಲಂದ್ರ ನಾ ಏನೂ ಮಾಡಾಕ ಬರೂದಿಲ್ಲ. ಟಿಕೀಟ್ ಹರಿಯಾಕ ಕುಂದರಸ್ತೀನಿ, ಇಲ್ಲಾ ಯಾವ್ದರ ಮೂಕಿ ಪಾತ್ರ ಕೊಡ್ತೀನಿ."

"ಮೂಕಿ ಪಾತ್ರ ಮಾಡೂದಿದ್ರ ಈ ಪಟ್ಟಿ ಯಾಕ ಕಟ್ಕೊಂಡೆ?" ಎಂದರು ಅತ್ತೆ. ಅವತ್ತು ಸಂಜೆಯೇ ಪೆಟ್ಟಿಗೆಯಿಂದ ಸಂಗವ್ವನ ಸೀರೆ ಹೊರಬಂತು.

ಸಂಗವ್ವ ಮದುವೆಯ ದಲ್ಲಾಳಿ. ಅವಳ ಹೆಸರುವಾಸಿಯಾದ ಮಾತೊಂದಿದೆ. ಹೆಣ್ಣಿನ ಅಪ್ಪ ಕೇಳುತ್ತಾನೆ, "ಹುಡುಗ ಕುಡೀತಾನೇನು?" ಸಂಗವ್ವ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾಳೆ. "ಶಿವ ಶಿವಾ! ಕೈಯಾಗ ಗ್ಲಾಸ್ ಸುದ್ದಾ ಹಿಡಿಯೂದಿಲ್ರೀ." ಆಮೇಲೆ ಒಂದು ತಡೆ. ಅಪ್ಪನ ಮುಖ ಅರಳುತ್ತದೆ, ಜನ ಕಾಯುತ್ತಾರೆ. ಆಗ ಸಂಗವ್ವ, "ಬಾಟ್ಲೀನ ಎತ್ತಿಬಿಡ್ತಾನ."

ಕಾಗದದ ಮೇಲೆ ಬರೆದರೆ ಇದರಲ್ಲೇನೂ ಇಲ್ಲ. ಎಲ್ಲ ಇರುವುದು ಆ ತಡೆಯಲ್ಲಿ. ಮೊದಲ ತಾಲೀಮಿನಲ್ಲಿ ಅತ್ತೆ ಗ್ಲಾಸಿನ ಮಾತು ಹೇಳಿದರು, ತಡೆದರು, ತುಟಿ ಆಡಿಸಿದರು. ಪಟ್ಟಿಯಿಂದ ಏನೂ ಬರಲಿಲ್ಲ. ಅಪ್ಪನ ಪಾತ್ರದ ಕಲ್ಲಪ್ಪ ಸ್ವಲ್ಪ ಕಾದು, ಮರೆತಿರಬೇಕೆಂದು ತಿಳಿದು, "ಹಂಗಾದ್ರ ಮದುವಿ ಖಾತ್ರಿ" ಎಂದು ತನ್ನ ಮುಂದಿನ ಮಾತು ಆಡಿಬಿಟ್ಟ. ಅವನ ಮಾತಿನ ಮೇಲೆ ಅತ್ತೆಯ ಬಾಟಲಿ ಬಂದು ಬಿತ್ತು. ಇನ್ನೊಮ್ಮೆ ಮಾಡಿದರು, ಮತ್ತೆ ಹಾಗೇ ಆಯಿತು. ಕೆಲವೊಮ್ಮೆ ಮೊದಲ ಶಬ್ದವೇ ಹಾರಿಹೋಗಿ ಬರೀ "ಎತ್ತಿಬಿಡ್ತಾನ" ಎಂದು ಬರುತ್ತಿತ್ತು. ಪತ್ತಾರ ಮಾಸ್ತರು ಹಾರ್ಮೋನಿಯಂ ಮುಚ್ಚಿ ಎದ್ದು ಹೋದರು.

ಮನೆಗೆ ಬಂದ ಅತ್ತೆ ಬಾಗಿಲಲ್ಲೇ ಶುರು ಮಾಡಿದರು. "ಏನ್ ಮಾಡಿಟ್ಟಿ ನನ್ನ ಕೊಳ್ಳಿಗೆ? ಮಂದಿ ಮುಂದ ಮಾನ ಹೋತು! ಕಲ್ಲಪ್ಪ ನಿನ್ನೆ ಮೊನ್ನೆ ಬಣ್ಣ ಹಚ್ಚಿದಾಂವ, ಅಂವಾ ನನಗ ಮಾತ ನೆನಪ ಮಾಡಿಕೊಡಾಕ ಬರ್ತಾನ. ಇದಕ್ಕಿಂತ ಮೂಕಿ ಇದ್ದಾಗ ಚಲೋ ಇತ್ತು, ಯಾರಿಗೂ ಏನೂ ಹೇಳೂದಿರಲಿಲ್ಲ, ಅಡಗಿ ಮನ್ಯಾಗ ಆ ಹಾಲ ಉಕ್ಕಾಕತ್ತೈತಿ ನೋಡ್, ಅದರ ಕಡೆನೂ ಲಕ್ಷ್ಯ ಇಲ್ಲ ನಿನಗ."

ಒಂದು ಶಬ್ದ ತಡವಾಗಲಿಲ್ಲ. ಒಂದಕ್ಷರ ಹಾರಲಿಲ್ಲ. ಗಡಿಯಾರ ಹಿಡಿದು ನೋಡಿದರೂ ತಪ್ಪು ಸಿಗದಂಥ ಬೈಗುಳ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಅಂಗಡಿಯ ಹಿಂದಿನ ಕೋಣೆಯೇ ನನ್ನ ಪ್ರಯೋಗಶಾಲೆ. ಅತ್ತೆಯನ್ನು ಅಲ್ಲಿ ಕೂರಿಸಿ, ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಆ ಮಾತನ್ನೇ ಆಡಿಸಿದೆ. ಗ್ಲಾಸು, ತಡೆ, ಬಾಟಲಿ. ಎಲ್ಲ ಸರಿ. ಕೇಬಲ್ ಕಿತ್ತು ತಾಲೀಮಿಗೆ ಕಳಿಸಿದರೆ ಬಾಟಲಿ ಮತ್ತೆ ತಡ. ವಾಪಸ್ ತಂದು ಕೇಬಲ್ ಹಾಕಿದರೆ ಎಲ್ಲ ಸರಿ. ವೈದ್ಯರ ಮುಂದೆ ಕೂತ ಕೂಡಲೇ ಹೊಟ್ಟೆನೋವು ಹೋಗುವ ಮಕ್ಕಳಿರುತ್ತಾರಲ್ಲ, ಅಂಥ ರೋಗ.

ಮೂರು ದಿನವೋ ನಾಲ್ಕು ದಿನವೋ ನನ್ನ ಕೂದಲನ್ನೇ ಕಿತ್ತುಕೊಂಡ ಮೇಲೆ ಬುದ್ಧಿ ಬಂತು. ಕೇಬಲ್ ಹಾಕಿದಾಗ ಫೋನಿಗೆ ಕರೆಂಟು ಸಿಗುತ್ತದೆ. ಕರೆಂಟು ಸಿಗುವಾಗ ಅದು ಮಲಗುವುದೇ ಇಲ್ಲ. ರೋಗ ಇದ್ದದ್ದು ಮಲಗುವುದರಲ್ಲಿ. ಅತ್ತೆ ತಡೆದು ನಿಂತಾಗ ನನ್ನ ಹಾಲಕ್ಕಿ, ಇವರ ಮಾತು ಮುಗಿಯಿತೆಂದು ಕೋರ್‌ಗಳನ್ನು ಮಲಗಿಸುತ್ತಿತ್ತು. ಬಾಟಲಿ ಬಂದಾಗ ಅವು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಕಲ್ಲಪ್ಪನ ಮಾತು ಮುಗಿದಿರುತ್ತಿತ್ತು. ಮನೆಯಲ್ಲಿ ಅದು ಯಾಕೆ ಕಾಣಲಿಲ್ಲವೆಂದರೆ, ಮನೆಯಲ್ಲಿ ಅತ್ತೆ ನಡುವೆ ತಡೆಯುವುದೇ ಇಲ್ಲ.

ತಲೆ ತಲೆ ಚಚ್ಚಿಕೊಂಡೆ. ಬ್ಯಾಟರಿ ಉಳಿಸಲು ನಾನೇ ಹಾಕಿದ ಗೂಟ ನನ್ನ ಕಾಲಿಗೇ ತಾಗಿತ್ತು.

ಮಲಗಲೇಬೇಡ ಎಂದು ಮಾಡಿ ನೋಡಿದೆ. ಫೋನು ಕಾದು ಅತ್ತೆಯ ಸೊಂಟ ಸುಟ್ಟಿತು, ಬ್ಯಾಟರಿ ಮೊದಲ ಅಂಕಕ್ಕೇ ಮುಗಿಯಿತು. ಕಂಪನಿ ನಾಟಕವೆಂದರೆ ಮೂರು ತಾಸು. ಹೆಚ್ಚು ಹೊತ್ತು ಕಾದು ಮಲಗು ಎಂದು ಮಾಡಿದೆ. ಎಷ್ಟು ಹೆಚ್ಚು ಹೊತ್ತು? ಅತ್ತೆಯನ್ನು ಕೇಳಿದೆ, "ಅತ್ತೇರ, ನೀವು ಎಷ್ಟ್ ಹೊತ್ತು ತಡೀತೀರಿ?"

"ಅದನ್ನ ನಾ ಹೆಂಗ ಹೇಳಲಿ? ಮಂದಿ ಮಾರಿ ನೋಡಿ ತಡೀತೀನಿ. ಸೋಮವಾರದ ಮಂದಿ ಬ್ಯಾರೆ, ಆಯಿತವಾರದ ಮಂದಿ ಬ್ಯಾರೆ."

"ಒಂದ್ ಅಂದಾಜರ ಹೇಳ್ರಿ."

"ಹಾಲ ಉಕ್ಕೂತನಾ ತಡಿ ಅಂದ್ರ ಗಡಿಯಾರ ನೋಡ್ತಿಯೇನು, ಹಾಲ ನೋಡ್ತಿಯೋ?"

ಇಂಥವರಿಗೆ ಯಾವ ಪ್ರೋಗ್ರಾಮ್ ಬರೆಯಬೇಕು, ಹೇಳಿ. ನನ್ನ ಗಂಡ ಮಹಾಂತೇಶ ಶೀತಲಗೃಹದಲ್ಲಿ ಯಂತ್ರ ನೋಡಿಕೊಳ್ಳುವವರು. ಅವರನ್ನು ಕೇಳಿದರೆ ಎಲ್ಲ ರೋಗಕ್ಕೂ ಒಂದೇ ಮದ್ದು: "ಒಮ್ಮೆ ಬಂದ್ ಮಾಡಿ ಚಾಲೂ ಮಾಡು." ಅವರ ಅಮ್ಮನ ಮೇಲೆ ಅಷ್ಟು ಪ್ರೀತಿ, ನನ್ನ ಕೆಲಸದ ಮೇಲೆ ಇಷ್ಟು ತಿಳಿವಳಿಕೆ.

ಉತ್ತರ ಸಿಕ್ಕಿದ್ದು ಊಟದ ಹೊತ್ತಿಗೆ. ಅವತ್ತು ಕಂಪ್ಯೂಟರನ್ನು ಮನೆಗೇ ತಂದು ಫೋನಿಗೆ ಕೇಬಲ್ ಹಾಕಿದ್ದೆ. ಪಟ್ಟಿಯಿಂದ ಬರುವ ಕಚ್ಚಾ ಸಂಕೇತ, ಯಾವ ಸೋಸುವಿಕೆಯೂ ಇಲ್ಲದೆ, ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಓಡುತ್ತಿತ್ತು. ಅತ್ತೆ ಮಾತಾಡಿದಾಗ ಗೆರೆ ಏರುತ್ತದೆ, ಇಳಿಯುತ್ತದೆ, ಸುಮ್ಮನಿದ್ದಾಗ ಸಪಾಟು. ಪಕ್ಕದ ಮನೆಯ ಈರಮ್ಮ ಬಂದಿದ್ದವಳು ನನ್ನ ಜುಣಕ ತಿಂದು, "ಏನ್ ರುಚಿ ಮಾಡೀಯವ್ವಾ! ನೀಲಕ್ಕಾ, ನೀ ಪುಣ್ಯವಂತಿ" ಎಂದಳು. ಅತ್ತೆ ರೊಟ್ಟಿ ಮುರಿಯುತ್ತ ಸುಮ್ಮನಿದ್ದರು. ಗೆರೆ ಮಾತ್ರ ಸಪಾಟಾಗಿರಲಿಲ್ಲ. ಸಣ್ಣಗೆ, ಒಂದೇ ಸಮನೆ ನಡುಗುತ್ತಿತ್ತು. ಈರಮ್ಮ ಕೈ ತೊಳೆದುಕೊಂಡು ಹೋಗುವವರೆಗೂ ನಡುಗಿತು.

"ಅತ್ತೇರ, ಏನ್ ಹೇಳಾಕ ಹೊಂಟಿದ್ರಿ?"

"ಏನಿಲ್ಲ."

"ಏನೋ ಇತ್ತು. ಗೆರಿ ನಡಗಾಕತ್ತಿತ್ತು ನೋಡ್ರಿ."

ಅತ್ತೆ ಪರದೆಯ ಕಡೆ ತಿರುಗಿ ನೋಡಿದರು. ಅವರ ಮುಖ ಗಂಟಿಕ್ಕಿತು. "ಉಪ್ಪ ಹೆಚ್ಚಾಗೇತಿ ಅನ್ನೂದಿತ್ತು. ಮಂದಿ ಮುಂದ ಬ್ಯಾಡ ಅಂತ ನುಂಗಿದೆ. ನುಂಗಿದ್ದೂ ನಿನಗ ಕಾಣಬೇಕೇನು?"

ನಾನು ಆ ಕೊನೆಯ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ರೊಟ್ಟಿ ಬಿಟ್ಟು ಎದ್ದು ಕುಣಿಯುವುದೊಂದು ಬಾಕಿ. ಸುಮ್ಮನಿರುವುದು ಬೇರೆ, ಮಾತನ್ನು ತಡೆಹಿಡಿಯುವುದು ಬೇರೆ! ಹೇಳಲು ಏನೂ ಇಲ್ಲದಾಗ ಗಂಟಲಿನ ಸ್ನಾಯು ಸಡಿಲ. ಹೇಳುವುದನ್ನು ಹಿಡಿದು ನಿಂತಾಗ ಅವು ಬಿಗಿ. ಆ ಬಿಗಿತದ ಸಂಕೇತ ಎಷ್ಟು ಸಣ್ಣದೆಂದರೆ, ಅದನ್ನು ಕಸವೆಂದು ಸೋಸಿ ಎಸೆಯುವಂತೆ ನಾನೇ ಕರ್ನೆಲ್ಲಿಗೆ ಕಲಿಸಿದ್ದೆ. ಇನ್ನು ಮುಂದೆ ಎಸೆಯಬೇಡ, ಆ ನಡುಕ ಇರುವವರೆಗೆ ಎಚ್ಚರವಾಗಿರು, ಗೆರೆ ಸಪಾಟಾದರೆ ಮಾತ್ರ ಮಲಗು ಎಂದು ಬರೆದೆ. ಬರೆಯಲು ಹಿಡಿದದ್ದು ಒಂದು ಮಧ್ಯಾಹ್ನ. ಫೋನು ಮೂರು ಸಲ ಲೋಗೋ ತೋರಿಸಿ ಅಲ್ಲೇ ಗಿರಕಿ ಹೊಡೆಯಿತು, ನಾಲ್ಕನೆಯ ಸಲ ಚಾಲೂ ಆಯಿತು.

ತಾಲೀಮಿನಲ್ಲಿ ಬಾಟಲಿ ಸರಿಯಾದ ಗಳಿಗೆಗೆ ಬಂತು. ಕಲ್ಲಪ್ಪನೇ ನಕ್ಕು ತನ್ನ ಮಾತು ಮರೆತ. ಪತ್ತಾರ ಮಾಸ್ತರು ಭಾನುವಾರದ ಆಟಕ್ಕೆ ಅತ್ತೆಯ ಹೆಸರು ಬರೆಸಿದರು. ಅತ್ತೆ ಮನೆಗೆ ಬರುವಾಗ ದಾರಿಯಲ್ಲಿ ಮಲ್ಲಿಗೆ ಕೊಂಡು ನನ್ನ ಜಡೆಗೆ ತಾವೇ ಮುಡಿಸಿದರು. ಅಷ್ಟಕ್ಕೇ ನನ್ನ ಸಿಟ್ಟೆಲ್ಲ ಇಳಿಯಿತು.

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಕರ್ನೆಲ್ ಬರೆಯುವವರಿಗೆ ಸುಮ್ಮನಿರಲು ಬರುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಅತ್ತೆಯ ಫೋನಿನೊಳಗೆ ಇನ್ನೊಂದು ಸವಲತ್ತು ಇಟ್ಟಿದ್ದೆ. ಅವರ ಫೋನು ಎಚ್ಚರವಿದೆಯೇ ಎಂದು ನನ್ನ ಫೋನಿನಲ್ಲಿ ಒಂದು ಹಸಿರು ಚುಕ್ಕಿ ತೋರಿಸುತ್ತಿತ್ತು. ಚುಕ್ಕಿ ಆರಿದರೆ ಫೋನು ಸಿಕ್ಕಿಹಾಕಿಕೊಂಡಿದೆ ಎಂದರ್ಥ, ಆಗ ನಾನು ಕೂತಲ್ಲಿಂದಲೇ ಅದನ್ನು ರೀಸ್ಟಾರ್ಟ್ ಮಾಡಬಹುದಿತ್ತು. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಬೇಕಿತ್ತು. ತೆಗೆಯಲಿಲ್ಲ. ಭಾನುವಾರ ಸೈಡ್ ವಿಂಗಿನಲ್ಲಿ, ಪರದೆಯ ಹಗ್ಗಗಳ ನಡುವೆ, ಫೋನು ಕೈಯಲ್ಲಿ ಹಿಡಿದು ನಿಂತೆ.

ತಗಡಿನ ಥಿಯೇಟರು ತುಂಬಿ ಹೆಂಗಸರು ಮೆಟ್ಟಿಲ ಮೇಲೂ ಕೂತಿದ್ದರು. ಅತ್ತೆ ಸಂಗವ್ವನಾಗಿ ಒಳಗೆ ಬಂದ ಕೂಡಲೇ ಚಪ್ಪಾಳೆ ಬಿತ್ತು. ಎರಡು ವರ್ಷ ಮನೆಯ ಗೋಡೆ ನೋಡಿಕೊಂಡಿದ್ದ ಹೆಂಗಸು ಆ ಚಪ್ಪಾಳೆಗೆ ಎಳೆಯ ಹುಡುಗಿಯಂತೆ ಸೆರಗು ಕೊಡವಿದರು. ಮಾತುಗಳು ಒಂದರ ಹಿಂದೆ ಒಂದು ಸರಿಯಾಗಿ ಬಂದವು. ಕಲ್ಲಪ್ಪ ಕೇಳಿದ, "ಹುಡುಗ ಕುಡೀತಾನೇನು?"

"ಶಿವ ಶಿವಾ! ಕೈಯಾಗ ಗ್ಲಾಸ್ ಸುದ್ದಾ ಹಿಡಿಯೂದಿಲ್ರೀ."

ತಡೆದರು. ಜನ ಕಾದರು. ಅತ್ತೆ ಇನ್ನೂ ತಡೆದರು. ತಾಲೀಮಿನಲ್ಲಿ ಇಷ್ಟು ತಡೆದಿರಲಿಲ್ಲ. ನಾನು ಫೋನು ನೋಡಿದೆ. ಹಸಿರು ಚುಕ್ಕಿ ಆರಿತ್ತು. ಸತ್ತೆ ಎಂದುಕೊಂಡೆ. ಗೆರೆ ನೋಡಲು ಕಂಪ್ಯೂಟರಿಲ್ಲ, ಚುಕ್ಕಿ ಇಲ್ಲ, ಮಾತಿಲ್ಲ, ಆರು ನೂರು ಜನ ಬಾಯಿ ತೆರೆದು ಕೂತಿದ್ದಾರೆ. ಇನ್ನೊಂದು ಕ್ಷಣ ತಡವಾದರೆ ಕಲ್ಲಪ್ಪ ಮತ್ತೆ ಬಾಯಿ ಹಾಕುತ್ತಾನೆ. ರೀಸ್ಟಾರ್ಟ್ ಒತ್ತಿದೆ.

ಒತ್ತಿದ್ದೇ ತಡ, ಅತ್ತೆಯ ತುಟಿ ಆಡಿತು. ಬಾಟಲಿ ಎಂದು ನನಗೆ ಕಂಡಿತು, ಯಾರಿಗೂ ಕೇಳಲಿಲ್ಲ. ಅತ್ತೆ ಮತ್ತೆ ಆಡಿದರು. ಕೊರಳು ಮುಟ್ಟಿ ನೋಡಿಕೊಂಡರು. ಬಾಯಿ ತೆರೆದರು, ಮುಚ್ಚಿದರು, ನನ್ನ ಕಡೆ ತಿರುಗಿದರು. ಜನ ಹೋ ಎಂದು ನಕ್ಕರು. ದಲ್ಲಾಳಿಗೆ ಮಾತೇ ಹೊರಡವಲ್ದು ಎಂದು ತಿಳಿದು ಕುರ್ಚಿ ಬಡಿದು ನಕ್ಕರು. ಅತ್ತೆ ಕೈ ಬೀಸಿ ಬೇಡ ಬೇಡ ಎಂದಂತೆ ಮಾಡಿದರೆ ಇನ್ನೂ ನಕ್ಕರು. ನೀರಿನಿಂದ ತೆಗೆದ ಮೀನಿನ ಹಾಗೆ ಅವರ ಬಾಯಿ ಆಡುತ್ತಿತ್ತು. ಪತ್ತಾರ ಮಾಸ್ತರು ಸಮಯ ನೋಡಿ ಪರದೆ ಎಳೆಸಿದರು.

ಮಧ್ಯಂತರದಲ್ಲಿ ಬಣ್ಣದ ಕೋಣೆಗೆ ಮಾಸ್ತರು ಕುಣಿಯುತ್ತಲೇ ಬಂದರು. "ನೀಲಕ್ಕಾ! ಏನ್ ನಗಿ ಅದು! ನಾ ಹುಟ್ಟಿದಾಗಿಂದ ಇಂಥಾ ನಗಿ ಕೇಳಿಲ್ಲ. ಮೂಕಿ ದಲ್ಲಾಳಿ! ದಿನಾ ಹಿಂಗ ಮಾಡೂಣು. ಎರಡನೇ ಅಂಕದಾಗ ಬರೇ ಬಾಯಿ ಬಿಟ್ಟು ನಿಂದರು, ಸಾಕು. ಆ ಪಟ್ಟಿ ಬಿಚ್ಚಿಡು, ಅದರ ತ್ರಾಸ ಯಾಕ?"

ಅಷ್ಟೊತ್ತಿಗೆ ಫೋನು ಚಾಲೂ ಆಗಿತ್ತು. ಅತ್ತೆ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನೀ ಏನರ ಒತ್ತಿದೆ?"

"ಚುಕ್ಕಿ ಆರಿತ್ತು, ಅತ್ತೇರ. ನೀವು ಸುಮ್ಮನಾದ್ರಿ. ಫೋನ್ ಹ್ಯಾಂಗ್ ಆತು ಅಂತ ತಿಳದೆ."

ಹಾಗೆನ್ನುತ್ತಲೇ ಅವರ ಫೋನಿನ ಲಾಗ್ ತೆಗೆದು ನೋಡಿದೆ. ನಾನು ಒತ್ತುವವರೆಗೂ ಫೋನು ಎಚ್ಚರವೇ ಇತ್ತು. ಗಂಟಲಿನ ನಡುಕವನ್ನು ಹಿಡಿದುಕೊಂಡು, ಹೇಗೆ ಬರೆದಿದ್ದೆನೋ ಹಾಗೇ, ಕಾಯುತ್ತ ಕೂತಿತ್ತು. ತಗಡಿನ ಗೋಡೆ ಮತ್ತು ದೀಪಗಳ ಗದ್ದಲದಲ್ಲಿ ಕಡಿದದ್ದು ನನ್ನ ಫೋನಿನ ಸಂಪರ್ಕ ಮಾತ್ರ, ಅದೂ ನಾನು ಒತ್ತುವ ಗಳಿಗೆಗೆ ಮತ್ತೆ ಕೂಡಿಕೊಂಡಿತ್ತು. ನನ್ನ ಕರ್ನೆಲ್ ಅತ್ತೆಯನ್ನು ನಂಬಿತ್ತು, ನಾನು ನಂಬಿರಲಿಲ್ಲ. ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು.

"ನಾ ಸುಮ್ಮನಾಗಿದ್ದಿಲ್ಲ," ಎಂದರು ಅತ್ತೆ. ದನಿ ಏರಿಸಲಿಲ್ಲ. "ಎರಡು ವರ್ಷದ ಮ್ಯಾಲ ಅಷ್ಟು ಮಂದಿ ನನ್ನ ಬಾಯಿ ನೋಡಾಕತ್ತಿದ್ರು. ಇನ್ನೊಂದೀಟು ತಡೀಬೇಕು ಅನಸ್ತು, ತಡದೆ. ನೀ ನನ್ನ ಕೊಳ್ಳಿಗೆ ಪಟ್ಟಿ ಕಟ್ಟಿದಿ, ಮಾತ ಕೊಟ್ಟಿ, ಎಲ್ಲಾ ಖರೇ. ಈಗ ನಿನ್ನ ಕೈ ನನ್ನ ಕೊಳ್ಳಾಗಿಂದ ತಗಿ, ದಾಕ್ಷಾ."

"ಮತ್ತೇನರ ಆದ್ರ ಹೆಂಗ್ರೀ? ನಿಜವಾಗ್ಲೂ ಹ್ಯಾಂಗ್ ಆದ್ರ?"

"ಆದ್ರ ಆಗ್ಲಿ. ನಾ ನಿಂತಿರ್ತೀನಲ್ಲ ಅಲ್ಲೆ, ನಾ ನೋಡ್ಕೋತೀನಿ."

ನಾನು ಅವರ ಫೋನು ತೆಗೆದುಕೊಂಡು, ನನ್ನ ಸವಲತ್ತಿಗೆ ಕೊಟ್ಟಿದ್ದ ರೂಟ್ ಪರವಾನಗಿಯನ್ನು ಅವರ ಎದುರಿಗೇ ಕಿತ್ತುಹಾಕಿದೆ. ಅತ್ತೆ ಫೋನು ವಾಪಸ್ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಮಾಸ್ತರ ಕಡೆ ತಿರುಗಿದರು.

"ಪತ್ತಾರಣ್ಣಾ, ಎರಡನೇ ಅಂಕದಾಗ ನಾ ಮಾತಾಡ್ತೀನಿ. ಮಂದಿ ನಕ್ರೋ, ಸಂಗವ್ವ ಮಾತಾಡಾಕಿ ಆಗೇ ಇರ್ತಾಳ. ನಗಲಿಲ್ಲೋ, ನಾಳಿಂದ ಪಟ್ಟಿ ಬಿಚ್ಚಿ ನಿನ್ನ ಮೂಕಿ ಆಗ್ತೀನಿ. ಒಪ್ಪಿಗೇನು?"

"ಒಪ್ಪಿಗೆ, ಒಪ್ಪಿಗೆ," ಎಂದರು ಮಾಸ್ತರು. ಸೋತರೂ ಗೆದ್ದರೂ ಅವರಿಗೆ ಲಾಭವೇ.

"ನೀ ಹೊರಗ ಹೋಗಿ ಕುಂದರು," ಎಂದರು ಅತ್ತೆ ನನಗೆ. "ಮಂದಿ ಜೋಡಿ ಕುಂದರು. ವಿಂಗಿನ್ಯಾಗ ನಿಂದ್ರಬ್ಯಾಡ."

ಮುಂದೆ ಮೂರನೆಯ ಸಾಲಿನಲ್ಲಿ ಒಂದು ಕುರ್ಚಿ ಸಿಕ್ಕಿತು. ಪಕ್ಕದಲ್ಲಿ ಹುಲಕೋಟಿಯ ಕಡೆಯ ಹೆಂಗಸೊಬ್ಬಳು ಶೇಂಗಾ ಸುಲಿಯುತ್ತ ಕೂತಿದ್ದಳು, ಒಂದು ಹಿಡಿ ನನ್ನ ಕೈಗೂ ಹಾಕಿದಳು. ಪರದೆ ಎದ್ದಿತು. ಅತ್ತೆ ರಂಗದ ಮೇಲೆ ಬಂದು ನಿಂತರು. ಅಷ್ಟಕ್ಕೇ ಜನ ನಗಲು ಶುರು ಮಾಡಿದರು. "ಏ ಮೂಕಿ ಬಂದ್ಲು!" ಎಂದು ಹಿಂದಿನಿಂದ ಯಾವನೋ ಕೂಗಿದ. ಸಿಳ್ಳು ಹೊಡೆದರು. ನನ್ನ ಕಿವಿ ಕಾದವು. ಎದ್ದು ಆ ಕೂಗಿದವನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಅತ್ತೆ ಅಲುಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಕೂತವರ ಮುಖಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡುತ್ತ, ನಗು ಇಳಿಯುವವರೆಗೆ ನಿಂತರು. ನಗು ಪೂರ್ತಿ ಇಳಿಯಿತು. ಆಮೇಲೂ ನಿಂತರು. ಯಾರೋ ಕೆಮ್ಮಿದರು. ನನ್ನ ಕೈಯಲ್ಲಿದ್ದ ಶೇಂಗಾ ಪುಡಿಯಾಗಿತ್ತು. ಒತ್ತಲು ಏನೂ ಇರಲಿಲ್ಲ.

"ನಗ್ರಿ, ನಗ್ರಿ," ಎಂದರು ಅತ್ತೆ. ಅವರದೇ ದನಿ, ಹಿಂದಿನ ಸಾಲಿನವರೆಗೆ. ಕಲ್ಲಪ್ಪ ಬೆಚ್ಚಿಬಿದ್ದ. ಇದು ನಾಟಕದಲ್ಲಿ ಇಲ್ಲದ ಮಾತು. "ನಿಮಗೇನ್ ಗೊತ್ತು ನನ್ನ ಕಷ್ಟ? ಮನ್ಯಾಗ ಸೊಸಿ ಒಬ್ಬಾಕಿ ಅದಾಳ್ರೀ."

ತಡೆದರು.

"ಭಾಳ ಚಲೋ ಹುಡುಗಿ. ಎಷ್ಟ್ ಬೈದ್ರೂ ತಡಕೋತಾಳ. ಮುಂಜಾನಿಂದ ಸಂಜಿತನಾ ಬೈತೀನಿ, ಒಂದ್ ಮಾತ ಎದುರಾಡೂದಿಲ್ಲ."

ಹೆಂಗಸರ ಸಾಲಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಅತ್ತೆ ಕೈಯೆತ್ತಿ ಅದನ್ನು ನಿಲ್ಲಿಸಿದರು. ಎರಡು ಹೆಜ್ಜೆ ಮುಂದೆ ಬಂದರು.

"ಆದ್ರ ನಾ ಒಂದ್ ಗಳಿಗಿ ಸುಮ್ಮನಾದ್ನೆಂದ್ರ ಸಾಕು..."

ಮತ್ತೆ ತಡೆದರು. ಬಾಯಿ ಅರ್ಧ ತೆರೆದೇ ಇತ್ತು. ನಾನು ಉಸಿರು ಬಿಗಿಹಿಡಿದೆ. ಆರು ನೂರು ಜನ ಬಿಗಿಹಿಡಿದರು. ಎಷ್ಟು ಹೊತ್ತೆಂದು ನನ್ನನ್ನು ಕೇಳಬೇಡಿ.

"...ಚಟ್ಟಕ್ಕ ಬಿದಿರು ತರಾಕ ಓಡ್ತಾಳ."

ತಗಡು ಹಾರಿಹೋಗುವ ಹಾಗೆ ನಕ್ಕರು. ಕಲ್ಲಪ್ಪ ರಂಗದ ಮೇಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಪತ್ತಾರ ಮಾಸ್ತರು ನಕ್ಕು ನಕ್ಕು ಹಾರ್ಮೋನಿಯಂ ಮೇಲೆ ಬಿದ್ದರು, ಅದರ ಮನೆಗಳೆಲ್ಲ ಒಮ್ಮೆಲೇ ಕೂಗಿದವು. ಮೂಕಿ ಎಂದು ಕೂಗಿದ್ದವನೇ "ಇನ್ನೊಮ್ಮೆ, ಸಂಗವ್ವಾ, ಇನ್ನೊಮ್ಮೆ!" ಎಂದು ಕೂಗತೊಡಗಿದ. ಅತ್ತೆ ಒಂದಿಷ್ಟೂ ನಗದೆ, ಸೆರಗು ಸರಿಮಾಡಿಕೊಂಡು, ಜನ ಮುಗಿಸಲಿ ಎಂದು ಕಾಯುತ್ತ ನಿಂತಿದ್ದರು.

ಹುಲಕೋಟಿಯ ಹೆಂಗಸು ಕಣ್ಣಲ್ಲಿ ನೀರು ತಂದುಕೊಂಡು ನನ್ನ ತೊಡೆಯ ಮೇಲೆ ಹೊಡೆದಳು. "ಯವ್ವಾ, ಇಂಥಾ ಸೊಸ್ತೇರೂ ಇರ್ತಾರೇನು?"

"ಇರ್ತಾರ್ರೀ," ಎಂದೆ.